ಮೋಡಕ್ಕೆ ಕ್ಲಿಯರೆನ್ಸ್ ಇಲ್ಲ

ವಿಎಫ್‌ಆರ್ ಅಂದರೆ ಕಣ್ಣನ್ನೇ ನಂಬಿದ ಹಾರಾಟ. ಆಗಸ ತಿಳಿಯಾಗಿದ್ದಾಗ ಅದರ ನಿಯಮ ಯಾರಿಗೂ ನೆನಪಾಗುವುದಿಲ್ಲ. ಮೋಡ ಇಳಿದು ದೂರದ ಗುಡ್ಡ ಮಸುಕಾದಾಗಲೇ ಅದರ ಸ್ವಾರಸ್ಯ.

ನಮ್ಮಲ್ಲಿ ವಿಮಾನ ನಿಲ್ದಾಣದ ನಿಯಂತ್ರಿತ ವಲಯದಲ್ಲಿ ಮೋಡದ ತಳ 1,500 ಅಡಿಗಿಂತ ಕೆಳಗಿದ್ದರೆ, ಇಲ್ಲವೇ 5 ಕಿ.ಮೀ. ದೂರ ಕಾಣದಿದ್ದರೆ ವಿಎಫ್‌ಆರ್‌ನಲ್ಲಿ ಏರುವಂತಿಲ್ಲ, ಇಳಿಯುವಂತಿಲ್ಲ. ಅಮೆರಿಕದಲ್ಲಿ ಈ ಮಿತಿ 1,000 ಅಡಿ, 3 ಮೈಲಿ. ಆದರೂ ಒಂದು ಕಿಂಡಿ ಉಂಟು: ಸ್ಪೆಷಲ್ ವಿಎಫ್‌ಆರ್, ಅಂದರೆ ಹವೆ ಈ ಮಿತಿಗಿಂತ ಕೆಟ್ಟಿದ್ದರೂ ವಲಯದೊಳಗೆ ಹಾರಲು ಕಂಟ್ರೋಲರ್ ಕೊಡುವ ಕ್ಲಿಯರೆನ್ಸ್ (ಅನುಮತಿ). ಅಮೆರಿಕದಲ್ಲಿ ಅದನ್ನು ಪೈಲಟ್ಟೇ ಬಾಯಿಬಿಟ್ಟು ಕೇಳಬೇಕು. ಕಂಟ್ರೋಲರ್ ತಾನಾಗಿ ‘ಬೇಕೇ?’ ಎನ್ನುವಂತಿಲ್ಲ. ನನಗೆ ಬಹಳ ಹಿಡಿಸಿದ ನಿಯಮವಿದು. ಹೊಣೆ ಯಾರದೆಂದು ಮೊದಲ ಮಾತಿಗೇ ಇತ್ಯರ್ಥವಾಗಿಬಿಡುತ್ತದೆ.

2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಲಾಸ್ ಏಂಜಲೀಸ್ ಬಳಿಯ ಬರ್ಬ್ಯಾಂಕ್ ವಲಯದ ಅಂಚಿಗೆ ಬಂದಾಗ ಅಲ್ಲಿ ಕಾಣುತ್ತಿದ್ದದ್ದು ಎರಡೂವರೆ ಮೈಲಿ, ಮೋಡ 1,100 ಅಡಿಯಲ್ಲಿ. ಪೈಲಟ್ ಸ್ಪೆಷಲ್ ವಿಎಫ್‌ಆರ್ ಕೇಳಿದರು. ಬೇರೆ ವಿಮಾನಗಳಿದ್ದುದರಿಂದ ಹತ್ತು ನಿಮಿಷದಷ್ಟು ಹೊತ್ತು ಹೊರಗೇ ಸುತ್ತು ಹಾಕಿಸಿ, ಆಮೇಲೆ ಒಳಬಿಟ್ಟರು. ಇಲ್ಲಿಯವರೆಗೆ ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು.

ಆದರೆ ಆ ಕ್ಲಿಯರೆನ್ಸ್ ಹೇಳುವುದಿಷ್ಟೇ: ಈ ವಲಯದಲ್ಲಿ ಇನ್ನೊಂದು ವಿಮಾನಕ್ಕೂ ನಿಮಗೂ ನಡುವೆ ಅಂತರ ಕಾಯುತ್ತೇವೆ. ಮುಂದಿನ ಕಣಿವೆಯ ಮೋಡದ ಬಗ್ಗೆ ಅದರಲ್ಲಿ ಸೊಲ್ಲೇ ಇಲ್ಲ. ಬರ್ಬ್ಯಾಂಕ್, ವ್ಯಾನ್ ನೈಸ್ ವಿಮಾನ ನಿಲ್ದಾಣಗಳನ್ನು ದಾಟಿ, ಹೆದ್ದಾರಿಯ ಜಾಡು ಹಿಡಿದು ಗುಡ್ಡಗಳ ಕಡೆ ಹೊರಟ ಹೆಲಿಕಾಪ್ಟರ್ ಮೋಡಕ್ಕೆ ನುಗ್ಗಿತು. 4,000 ಅಡಿಗೆ ಏರುತ್ತಿದ್ದೇನೆ ಎಂದು ಪೈಲಟ್ ರೇಡಿಯೊದಲ್ಲಿ ಹೇಳಿದರು. ಕೊನೆಯ ಗಳಿಗೆಯಲ್ಲಿ ಹೆಲಿಕಾಪ್ಟರ್ ಎಡಕ್ಕೆ ವಾಲಿ ಇಳಿಯುತ್ತಿತ್ತು! ಹೊರಗೆ ಏನೂ ಕಾಣದಾಗ ಒಳಕಿವಿ ಹೇಳುವ ಸುಳ್ಳು ಅಂಥದ್ದು. ಕ್ಯಾಲಬಾಸಸ್‌ನ ಗುಡ್ಡಕ್ಕೆ ಬಡಿದು ಒಂಬತ್ತೂ ಮಂದಿ ಸತ್ತರು.

ಪೈಲಟ್‌ಗೆ ಉಪಕರಣ ನೋಡಿ ಹಾರಿಸುವ ಅರ್ಹತೆಯೂ ಇತ್ತು. ಆದರೆ ಕಣ್ಣಿನ ಹಾರಾಟದಿಂದ ಉಪಕರಣಕ್ಕೆ ದಿಢೀರನೆ ಹೊರಳುವುದು ಪಳಗಿದವರಿಗೂ ಕಷ್ಟ. ಕೆಟ್ಟ ಹವೆಯಲ್ಲಿ ನುಸುಳಿ ಪಾರಾದವರನ್ನು ನಮ್ಮ ವಿಮಾನಪ್ರಿಯರು ಹೊಗಳುವುದು ಹೆಚ್ಚು, ತಿರುಗಿ ವ್ಯಾನ್ ನೈಸ್‌ನಂಥ ಕಡೆ ಇಳಿದವರನ್ನು ಕಡಿಮೆ. ನನ್ನ ಲೆಕ್ಕದಲ್ಲಿ ಎರಡನೆಯವರೇ ದೊಡ್ಡ ಪೈಲಟ್‌ಗಳು.

ಈ ಅಪಘಾತದ ಬಗ್ಗೆ ಅಮೆರಿಕದ ತನಿಖಾ ಮಂಡಳಿಯ ಪೂರ್ಣ ವರದಿ ಪುಕ್ಕಟೆ ಸಿಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುತ್ತಿರುವವರು ಮಳೆಗಾಲಕ್ಕೆ ಮೊದಲೇ ಒಮ್ಮೆ ಓದಿಬಿಡಿ.