ಏಳನೆಯ ಹೆಜ್ಜೆ: ವಿವಾಹಲಕ್ಷಣದ ವಿಷಯದಲ್ಲಿ ಶಾಸ್ತ್ರ ಮತ್ತು ಕಾಯಿದೆ

ವಿವಾಹವು ಯಾವ ಕ್ಷಣದಲ್ಲಿ ಪೂರ್ಣಗೊಳ್ಳುತ್ತದೆಂದು ಧರ್ಮಶಾಸ್ತ್ರವನ್ನೋದಿದ ಪಂಡಿತರನ್ನು ಕೇಳಿದರೆ, ಸಪ್ತಪದಿಯ ಏಳನೆಯ ಹೆಜ್ಜೆಯಲ್ಲೆಂದು ಉತ್ತರ ಬರುತ್ತದೆ. ಅದೇ ಪ್ರಶ್ನೆಯನ್ನು ನಮ್ಮ ನಾಡಿನ ಹಿರಿಯ ಗೃಹಿಣಿಗೆ ಕೇಳಿದರೆ, ಧಾರೆಯೆರೆದು ತಾಳಿ ಕಟ್ಟಿದಾಗ ಎನ್ನುವಳು. ಲಗ್ನಪತ್ರಿಕೆಗಳೂ ಈಕೆಯ ಪಕ್ಷವನ್ನೇ ಹಿಡಿದಿವೆ. ಧಾರಾಮುಹೂರ್ತವನ್ನೋ ಮಾಂಗಲ್ಯಧಾರಣದ ಮುಹೂರ್ತವನ್ನೋ ಅಚ್ಚುಹಾಕಿಸುವರಲ್ಲದೆ ಸಪ್ತಪದಿಯ ಮುಹೂರ್ತವನ್ನು ಅಚ್ಚುಹಾಕಿಸಿದ ಪತ್ರಿಕೆಯೊಂದನ್ನೂ ನಾನು ಕಂಡಿಲ್ಲ. ಆ ಏಳು ಹೆಜ್ಜೆಗಳನ್ನಿಡುವ ಹೊತ್ತಿಗೆ ಬಂದವರಲ್ಲಿ ಅರ್ಧ ಮಂದಿ ಊಟದ ಪಂಕ್ತಿಯಲ್ಲಿರುತ್ತಾರೆ. ಇನ್ನು ವಕೀಲರನ್ನು ಕೇಳಿದರೆ, ‘ಯಾವ ಉದ್ದೇಶಕ್ಕಾಗಿ ಕೇಳುತ್ತೀರಿ?’ ಎಂದು ಮರುಪ್ರಶ್ನೆ ಹಾಕುವರು. ಈ ಮರುಪ್ರಶ್ನೆ ನುಣುಚಿಕೊಳ್ಳುವ ಮಾತಿನಂತೆ ತೋರಿದರೂ ನನ್ನ ಮಟ್ಟಿಗೆ ಅದೇ ಹೆಚ್ಚು ಪ್ರಾಮಾಣಿಕವಾದ ಉತ್ತರ. ಶಾಸ್ತ್ರಕಾರರೂ ಒಂದು ಕಾಲಕ್ಕೆ ಇದೇ ಬಗೆಯಲ್ಲಿ ಆಲೋಚಿಸಿದ್ದರೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇನೆ.

1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮು ಎರಡೇ ವಾಕ್ಯಗಳದು. ವಧೂವರರಲ್ಲಿ ಯಾರೊಬ್ಬರ ಕಡೆಯ ರೂಢಿಯ ವಿಧಿಗಳಂತೆಯಾದರೂ ವಿವಾಹ ನಡೆಯಬಹುದೆಂದು ಮೊದಲನೆಯದು ಹೇಳುತ್ತದೆ. ಆ ವಿಧಿಗಳಲ್ಲಿ ಸಪ್ತಪದಿಯೂ ಒಳಗೊಂಡಿದ್ದರೆ ಏಳನೆಯ ಹೆಜ್ಜೆಯಿಟ್ಟಾಗ ವಿವಾಹವು ಪೂರ್ಣವೂ ಬಂಧಕವೂ ಆಗುತ್ತದೆಂದು ಎರಡನೆಯದು ಹೇಳುತ್ತದೆ. ಓದುಗರು ‘ಒಳಗೊಂಡಿದ್ದರೆ’ ಎಂಬ ಪದವನ್ನು ಲಕ್ಷ್ಯದಲ್ಲಿಡಬೇಕೆಂದು ಬಿನ್ನಹ. ಶಾಸನಕರ್ತರು ಸಪ್ತಪದಿಯನ್ನು ಕಡ್ಡಾಯಗೊಳಿಸಲಿಲ್ಲ. ಅಗ್ನಿಯ ಹೆಸರನ್ನು ಸಂದರ್ಭವಶಾತ್ ಎತ್ತಿದರೇ ಹೊರತು ಪುರೋಹಿತನ ಹೆಸರನ್ನೇ ಎತ್ತಲಿಲ್ಲ. ಹಿಂದೂ ಎಂಬ ಒಂದೇ ಹೆಸರಿನಡಿಯಲ್ಲಿ ಸಾವಿರ ಬಗೆಯ ಮದುವೆಗಳಿವೆಯೆಂಬ ಅರಿವು ಆ ಒಂದು ಪದದಲ್ಲಿ ಅಡಗಿದೆ. ಕಾಯಿದೆ ಇಷ್ಟು ಎಚ್ಚರದಿಂದ ಇಟ್ಟ ಷರತ್ತನ್ನು ನ್ಯಾಯಾಲಯಗಳು ಮುಂದೆ ಎಷ್ಟರ ಮಟ್ಟಿಗೆ ಉಳಿಸಿಕೊಂಡವೆಂಬುದೇ ಪ್ರಕೃತ ವಿಚಾರ.

ಏಳನೆಯ ಹೆಜ್ಜೆಯ ಮಾತು ಕಾಯಿದೆಗೆ ಬಂದುದು ಮನುಸ್ಮೃತಿಯ ಎಂಟನೆಯ ಅಧ್ಯಾಯದಿಂದ. ಪಾಣಿಗ್ರಹಣದ ಮಂತ್ರಗಳು ಪತ್ನೀತ್ವದ ಗುರುತು, ಅವುಗಳ ಸಮಾಪ್ತಿಯನ್ನು ವಿದ್ವಾಂಸರು ಏಳನೆಯ ಹೆಜ್ಜೆಯಲ್ಲಿ ತಿಳಿಯತಕ್ಕದ್ದು ಎಂಬುದು ಅಲ್ಲಿಯ ಶ್ಲೋಕವೊಂದರ ತಾತ್ಪರ್ಯ. ಇದನ್ನು ವಿವಾಹದ ಪಾವಿತ್ರ್ಯಕ್ಕೆ ಪ್ರಮಾಣವಾಗಿ ಉದಾಹರಿಸುವವರು ಬಹುಮಂದಿ. ಆದರೆ ಶ್ಲೋಕವಿರುವ ಸ್ಥಳವನ್ನು ನೋಡುವವರು ವಿರಳ. ವಿವಾಹಭೇದಗಳನ್ನೂ ಸಂಸ್ಕಾರಗಳನ್ನೂ ಮನು ವಿವರಿಸುವುದು ಎರಡನೆಯ ಮತ್ತು ಮೂರನೆಯ ಅಧ್ಯಾಯಗಳಲ್ಲಿ. ಎಂಟನೆಯದು ವ್ಯವಹಾರಾಧ್ಯಾಯ, ಎಂದರೆ ನ್ಯಾಯಾಲಯದ ಅಧ್ಯಾಯ. ಅದರಲ್ಲಿಯೂ ಈ ಶ್ಲೋಕ ಬರುವುದು ಕ್ರಯವಿಕ್ರಯಾನುಶಯವೆಂಬ ಪ್ರಕರಣದಲ್ಲಿ. ಕೊಂಡವನೋ ಮಾರಿದವನೋ ಪಶ್ಚಾತ್ತಾಪಪಟ್ಟರೆ ಹತ್ತು ದಿನಗಳೊಳಗೆ ವ್ಯವಹಾರವನ್ನು ಮುರಿಯಬಹುದೆಂದು ಹೇಳಿ, ಆ ಬಳಿಕ ದೋಷವನ್ನು ಮುಚ್ಚಿಟ್ಟು ಕನ್ಯೆಯನ್ನು ಕೊಟ್ಟವನಿಗೆ ದಂಡವನ್ನು ವಿಧಿಸಿ, ಕಡೆಗೆ ಈ ಮಾತಿಗೆ ಬರುತ್ತಾನೆ. ಎಂದರೆ ಇಲ್ಲಿಯ ಪ್ರಶ್ನೆ ‘ವಿವಾಹವೆಂದರೇನು’ ಎಂಬುದಲ್ಲ. ‘ಕೊಟ್ಟ ಮಾತನ್ನು ಎಲ್ಲಿಯವರೆಗೆ ಹಿಂದಕ್ಕೆ ಪಡೆಯಬಹುದು’ ಎಂಬುದು. ನಮ್ಮ ಬ್ಯಾಂಕಿನ ಪರಿಭಾಷೆಯಲ್ಲಿ ಹೇಳುವುದಾದರೆ, ಚೆಕ್ಕಿನ ಪಾವತಿಯನ್ನು ತಡೆಹಿಡಿಯಲು ಕಡೆಯ ಗಳಿಗೆ ಯಾವುದೆಂಬಂಥ ಪ್ರಶ್ನೆ.

ವಿಜ್ಞಾನೇಶ್ವರನೂ ಹೀಗೆಯೇ ಗ್ರಹಿಸಿದ್ದಾನೆ. ಕೊಟ್ಟ ಕನ್ಯೆಯನ್ನು ಹೆಚ್ಚು ಯೋಗ್ಯನಾದ ವರ ಬಂದಲ್ಲಿ ಮರಳಿ ಪಡೆಯಬಹುದೆಂಬ ಯಾಜ್ಞವಲ್ಕ್ಯನ ಮಾತಿಗೆ, ಇದು ಏಳನೆಯ ಹೆಜ್ಜೆಗಿಂತ ಮುಂಚಿನ ಮಾತೆಂದು ಮಿತಾಕ್ಷರೆ ಮೇರೆ ಹಾಕುತ್ತದೆ. ಚಾಲುಕ್ಯರ ಕಲ್ಯಾಣದಲ್ಲಿ ಕುಳಿತು ಬರೆದ ಈ ನ್ಯಾಯವಿದನಿಗೆ ಸಪ್ತಪದಿಯು ಹಕ್ಕುಗಳು ಸ್ಥಿರಗೊಳ್ಳುವ ಗಡಿಯಾಗಿತ್ತು. ಆದುದರಿಂದ ಶಾಸ್ತ್ರ ಒಂದು ಕಡೆ, ಕಾಯಿದೆ ಒಂದು ಕಡೆ ಎಂದು ಗೆರೆಯೆಳೆದು ಮಾತನಾಡುವವರು ಸ್ವಲ್ಪ ತಡೆದು ನೋಡಬೇಕಾಗುತ್ತದೆ. ನಾವು ಇಂದು ಧಾರ್ಮಿಕ ಲಕ್ಷಣವೆನ್ನುವುದು ಹುಟ್ಟಿನಲ್ಲಿಯೇ ವ್ಯವಹಾರದ ನಿಯಮ. ಕನ್ಯಾಪಿತೃವಿಗೂ ವರನಿಗೂ ನಡುವಣ ಜಗಳವನ್ನು ಕೊನೆಗಾಣಿಸಲು ಹಾಕಿದ ಗುರುತು.

ಇದಕ್ಕೆ ವಿಲೋಮವಾದ ಉದಾಹರಣೆಯೂ ಉಂಟು, ಅದು ನಡೆದುದು ನಮ್ಮ ಮುಂಬಯಿಯಲ್ಲಿಯೇ. ಹನ್ನೊಂದರ ಪ್ರಾಯದಲ್ಲಿ ಮದುವೆಯಾದ ರುಖಮಾಬಾಯಿ ಗಂಡನ ಮನೆಗೆ ಹೋಗಲು ಒಪ್ಪದಿದ್ದಾಗ, ಆತನು 1884ರಲ್ಲಿ ದಾಂಪತ್ಯಹಕ್ಕುಗಳ ಪುನಃಸ್ಥಾಪನೆಗಾಗಿ ದಾವೆ ಹೂಡಿದನು. ಇಂಥ ದಾವೆಗೆ ಹಿಂದೂ ಧರ್ಮಶಾಸ್ತ್ರದಲ್ಲಿ ಆಧಾರವೇ ಇಲ್ಲವೆಂದು ನ್ಯಾಯಮೂರ್ತಿ ಪಿನ್ಹಿ 1885ರಲ್ಲಿ ಅದನ್ನು ತಳ್ಳಿಹಾಕಿದರು. ಮರುವರ್ಷ ಮೇಲ್ಮನವಿಯಲ್ಲಿ ಅದು ತಿರುವುಮುರುವಾಯಿತು. ಈ ಪರಿಹಾರ ಬಂದುದು ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳಿಂದ. ಅಲ್ಲಿಯ ಧರ್ಮ ಇಲ್ಲಿಗೆ ಹಡಗಿನಲ್ಲಿ ಬಂದಿಳಿಯುವಷ್ಟರಲ್ಲಿ ಕಾನೂನಾಗಿತ್ತು. ಇಂಗ್ಲೆಂಡು 1970ರಲ್ಲಿ ಅದನ್ನು ರದ್ದುಗೊಳಿಸಿತು. ನಮ್ಮ 1955ರ ಕಾಯಿದೆಯ 9ನೆಯ ಕಲಮಾಗಿ ಅದಿನ್ನೂ ಬಾಳುತ್ತಿದೆ. ಆಂಧ್ರಪ್ರದೇಶದ ಹೈಕೋರ್ಟು 1983ರಲ್ಲಿ ಅಸಾಂವಿಧಾನಿಕವೆಂದುದನ್ನು ಸುಪ್ರೀಂ ಕೋರ್ಟು 1984ರಲ್ಲಿ ಒಪ್ಪಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 1965ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಭಾವುರಾವ್ ಲೋಖಂಡೆ ಪ್ರಕರಣವು ಈ ವಿಷಯದ ತೀರ್ಪುಗಳಿಗೆಲ್ಲ ಮೂಲ. ಮೊದಲ ಹೆಂಡತಿ ಜೀವಂತವಿರುವಾಗಲೇ ಒಬ್ಬಾತನು 1962ರಲ್ಲಿ ಇನ್ನೊಬ್ಬಳನ್ನು ಮದುವೆಯಾದನು. ಹಾರ ಬದಲಾಯಿಸಿದರು, ಹಣೆಗೆ ಹಣೆ ತಾಗಿಸಿದರು. ಅದು ಗಾಂಧರ್ವ ವಿವಾಹವೆನಿಸಿತು. ಕೆಳಗಿನ ನ್ಯಾಯಾಲಯಗಳು ದ್ವಿಪತ್ನೀತ್ವದ ಅಪರಾಧಕ್ಕೆ ಶಿಕ್ಷಿಸಿದುವು. ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಕಾರಣವಿಷ್ಟೆ: ಎರಡನೆಯ ಮದುವೆ ವಿಧಿವತ್ತಾಗಿ ನೆರವೇರಿರಬೇಕು, ಅಗ್ನಿಸಾಕ್ಷಿಯಾಗಲಿ ಸಪ್ತಪದಿಯಾಗಲಿ ನಡೆಯಲಿಲ್ಲ, ಇವನ್ನು ಬಿಡಬಹುದಾದ ರೂಢಿಯೂ ಸಿದ್ಧಪಡಲಿಲ್ಲ, ಆದುದರಿಂದ ಅದು ಮದುವೆಯೇ ಅಲ್ಲ, ಮದುವೆಯಲ್ಲದ ಮೇಲೆ ಎರಡನೆಯ ಮದುವೆಯ ಅಪರಾಧವೆಲ್ಲಿ? 1971ರ ಪ್ರಿಯಬಾಲಾ ಘೋಷ್ ಪ್ರಕರಣದಲ್ಲಿಯೂ ಹೋಮ ಸಪ್ತಪದಿಗಳಿಗೆ ಸಾಕ್ಷ್ಯವಿಲ್ಲವೆಂದು ಇದೇ ಗತಿಯಾಯಿತು.

ತರ್ಕದ ದೃಷ್ಟಿಯಿಂದ ಇದೊಂದು ವಿಚಿತ್ರ ಸ್ಥಿತಿ. ಹೆಂಡತಿಯಿರುವವನ ಎರಡನೆಯ ಮದುವೆ ಕಾಯಿದೆಯಂತೆ ಹೇಗೂ ಶೂನ್ಯ. ಆ ಶೂನ್ಯವಾದರೂ ಸಾಂಗವಾಗಿ, ಮಂತ್ರಲೋಪವಿಲ್ಲದೆ, ಏಳೂ ಹೆಜ್ಜೆಗಳೊಡನೆ ನೆರವೇರಿದ್ದರೆ ಮಾತ್ರ ಶಿಕ್ಷೆ! ಆರೋಪಿಯ ಸ್ವಾತಂತ್ರ್ಯವು ಒತ್ತೆಯಿರುವ ಮೊಕದ್ದಮೆಯಲ್ಲಿ ಕಟ್ಟುನಿಟ್ಟಾದ ರುಜುವಾತನ್ನು ಕೇಳಬೇಕೆಂಬುದು ನ್ಯಾಯವೇ ಸರಿ. ಆದರೆ ಇಲ್ಲಿ ವಿಧಿಯ ಮೇಲೆ ಪೂರ್ಣ ಹತೋಟಿಯುಳ್ಳವನು ಆರೋಪಿಯೇ. ಗುಟ್ಟಾಗಿ ಮದುವೆಯಾಗುವವನು ಹೆಜ್ಜೆಗಳನ್ನೆಣಿಸಲು ಮೊದಲ ಹೆಂಡತಿಯನ್ನು ಕರೆಯುವುದಿಲ್ಲ. ಅರ್ಧ ವಿಧಿಯಿಂದ ಅವನಿಗೆ ಎರಡನೆಯ ಸಂಸಾರವೂ ದೊರೆಯಿತು, ಸೆರೆಮನೆಯೂ ತಪ್ಪಿತು. ಭಾರತೀಯ ದಂಡಸಂಹಿತೆಯ 494ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 82ನೆಯ ಕಲಮಾಗಿದೆ. ಸಂಖ್ಯೆ ಬದಲಾಯಿತು, ಈ ಸಂದು ಮುಚ್ಚಲಿಲ್ಲ.

ಆ ಎರಡನೆಯ ಹೆಂಗಸಿನ ಗತಿಯನ್ನೂ ನೋಡಬೇಕು. ಆಕೆ ಜೀವನಾಂಶ ಕೇಳಬಂದಾಗ 1988ರ ಯಮುನಾಬಾಯಿ ಆಢಾವ್ ಪ್ರಕರಣದಲ್ಲಿ ದೊರೆತ ಉತ್ತರ, ಮದುವೆ ಶೂನ್ಯ, ನೀನು ಪತ್ನಿಯಲ್ಲ ಎಂದು. ಗಂಡಸನ್ನು ಶಿಕ್ಷಿಸಲು ಹೊರಟಾಗಲೂ ಹೆಂಗಸು ಅನ್ನ ಕೇಳಿದಾಗಲೂ ವಿವಾಹಲಕ್ಷಣದ ಕಟ್ಟುನಿಟ್ಟು ಒಬ್ಬನ ನೆರವಿಗೇ ಬಂದಿತು. ಇದನ್ನು ಕಂಡೇ ಇರಬೇಕು, ಸುಪ್ರೀಂ ಕೋರ್ಟು ಮುಂದೆ ತನ್ನ ನಿಲುವನ್ನು ಸಡಿಲಿಸಿತು. ಜೀವನಾಂಶದ ವಿಚಾರಣೆಯಲ್ಲಿ ಅಷ್ಟು ಕಠಿಣವಾದ ರುಜುವಾತು ಬೇಡ, ಗಂಡಹೆಂಡಿರಂತೆ ಬಾಳಿದ್ದರೆ ಸಾಕೆಂದು 1999ರಲ್ಲಿಯೂ, ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸಗೊಳಿಸಿದವನು ಆ ಮೋಸದ ಲಾಭವನ್ನು ಪಡೆಯಲಾರನೆಂದು 2013ರಲ್ಲಿಯೂ ಹೇಳಿತು. ಮಕ್ಕಳ ವಿಷಯದಲ್ಲಿ 1976ರ ತಿದ್ದುಪಡಿಯೇ ಉದಾರವಾಗಿತ್ತು. ಶೂನ್ಯವಿವಾಹದ ಮಕ್ಕಳೂ ಔರಸರೇ. ತಂದೆತಾಯಿಯರ ಆಸ್ತಿಯಲ್ಲಿ, ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬಹುದಾದ ಪಾಲನ್ನೂ ಸೇರಿಸಿ, ಅವರಿಗೆ ಹಕ್ಕುಂಟೆಂದು 2023ರ ಸೆಪ್ಟೆಂಬರ್ 1ರಂದು ನಿರ್ಣಯವಾದುದು ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ. ಹೀಗೆ ಒಂದೇ ಮದುವೆ ದಂಡನ್ಯಾಯಾಲಯದಲ್ಲಿ ಇಲ್ಲ, ಜೀವನಾಂಶದಲ್ಲಿ ಉಂಟು, ಉತ್ತರಾಧಿಕಾರದಲ್ಲಿ ಮಕ್ಕಳಿಗೆ ಉಂಟು, ತಾಯಿಗೆ ಇಲ್ಲ. ವಕೀಲರ ಮರುಪ್ರಶ್ನೆ ನುಣುಚುಮಾತಲ್ಲವೆಂದು ಮೊದಲೇ ಹೇಳಿದುದು ಇದಕ್ಕಾಗಿಯೇ. ತೀರಿಕೊಂಡ ಠೇವಣಿದಾರನ ಹಣಕ್ಕೆ ಇಬ್ಬರು ಹೆಂಗಸರು ಬಂದು ನಿಂತಾಗ ಬ್ಯಾಂಕಿನವರಾದ ನಾವು ಇವಳು ಪತ್ನಿಯೇ ಎಂದು ಕೇಳದೆ, ನಾಮನಿರ್ದೇಶನದಲ್ಲಿ ಹೆಸರು ಯಾರದು ಎಂದಷ್ಟೇ ಕೇಳಿ ಹಣ ಕೊಟ್ಟುಬಿಡುತ್ತೇವೆ. ಕೊಟ್ಟ ಮಾತ್ರಕ್ಕೆ ಅದು ಅವಳ ಸ್ವತ್ತಾಗುವುದಿಲ್ಲ; ಜಗಳ ಕಟ್ಟೆಯಿಂದ ಕೋರ್ಟಿಗೆ ಹೋಗುತ್ತದೆ, ಅಷ್ಟೆ.

ಇಷ್ಟೆಲ್ಲ ಆದಮೇಲೆ 2024ರ ಏಪ್ರಿಲ್ 19ರ ತೀರ್ಪು ಬಂದಿತು. ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರೂ ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರೂ ಕುಳಿತ ಪೀಠದ್ದು. ವಿಮಾನಚಾಲಕರಾದ ಇಬ್ಬರು ಯಾವ ವಿಧಿಯನ್ನೂ ನಡೆಸದೆ ಒಂದು ಸಂಸ್ಥೆಯಿಂದ ವಿವಾಹಪತ್ರ ಪಡೆದು ನೋಂದಾಯಿಸಿಕೊಂಡಿದ್ದರು. ಮನಸ್ಸು ಮುರಿದ ಮೇಲೆ ತಾವು ಮದುವೆಯೇ ಆಗಲಿಲ್ಲವೆಂದು ಜೊತೆಯಾಗಿ ಅರಿಕೆ ಮಾಡಿಕೊಂಡರು. ಪೀಠ ಅದನ್ನೊಪ್ಪಿ ಪತ್ರಗಳನ್ನು ಅಸಿಂಧುಗೊಳಿಸಿತು. ಹಿಂದೂ ವಿವಾಹವು ಸಂಸ್ಕಾರ, ಆಟಪಾಟ ಭೋಜನಗಳ ಸಂಭ್ರಮವಲ್ಲ, ವಿಧಿಯಿಲ್ಲದ ನೋಂದಣಿಯಿಂದ ವಿವಾಹವಾಗದು ಎಂಬುದು ತೀರ್ಪಿನ ಸಾರ. ವೀಸಾಕ್ಕಾಗಿ ಕಾಗದದ ಮದುವೆ ಮಾಡಿಕೊಳ್ಳುವವರ ಬಗೆಗೆ ಪೀಠಕ್ಕಿದ್ದ ಕಳವಳ ಯುಕ್ತವಾದುದೇ. ವಿವಾಹವನ್ನು ಸಮಾನರಿಬ್ಬರ ಬಾಳುವೆಯಾಗಿ ಅದು ವರ್ಣಿಸಿದ ರೀತಿಯೂ ಉದಾತ್ತವಾಗಿದೆ. ಇಬ್ಬರೂ ಬೇಡವೆಂದ ಆ ಪ್ರಕರಣದಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ. ಆದರೆ ತೀರ್ಪು ಕಕ್ಷಿಗಳ ಕೈಯಲ್ಲಿಯೇ ಉಳಿಯುವ ವಸ್ತುವಲ್ಲ. ಹತ್ತು ವರ್ಷ ಸಂಸಾರ ಮಾಡಿ, ‘ನಾವು ಹೆಜ್ಜೆಯಿಡಲೇ ಇಲ್ಲವಲ್ಲ’ ಎನ್ನುವವನೊಬ್ಬ ನಾಳೆ ಇದನ್ನು ಹಿಡಿದು ನಿಂತರೆ, ‘ಒಳಗೊಂಡಿದ್ದರೆ’ ಎಂಬ ಪದವನ್ನು ಯಾರು ನೆನಪಿಸಬೇಕು? ಪೀಠವು ಸಂಸ್ಕಾರದ ಮಹಿಮೆಗೆ ಕೊಟ್ಟಷ್ಟೇ ಸ್ಥಳವನ್ನು ಈ ಷರತ್ತಿಗೂ ಕೊಟ್ಟಿದ್ದರೆ ಚೆನ್ನಾಗಿತ್ತೆಂದು ವಿನಯದಿಂದ ಹೇಳಬೇಕಾಗಿದೆ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ವಿಜ್ಞಾನೇಶ್ವರನ ಕಲ್ಯಾಣದಲ್ಲಿಯೇ, ಅವನಾದ ಕೆಲವು ದಶಕಗಳ ತರುವಾಯ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಬಿಜ್ಜಳನು ಹಿರಿಯರಿಬ್ಬರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಯಿಸಿದನೆಂದೂ ಪರಂಪರೆ ಹೇಳುತ್ತದೆ. ಶರಣರಿಗೆ ವಧೂವರರಿಬ್ಬರೂ ಲಿಂಗವಂತರು, ಅದು ಧರ್ಮಸಮ್ಮತವಾದ ಮದುವೆ. ಅರಸನಿಗೆ ಅದು ಪ್ರತಿಲೋಮಸಂಕರ. ಅಂದು ಹೊಸ ಲಕ್ಷಣವನ್ನು ಕೊಟ್ಟುದು ಧರ್ಮ, ಹಳೆಯದಕ್ಕೆ ಅಂಟಿಕೊಂಡುದು ರಾಜಶಾಸನ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಈ ಮದುವೆಯ ಸುತ್ತಲೇ ಕಟ್ಟಿದ ನಾಟಕ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಕುವೆಂಪು ಅವರ ಮಂತ್ರಮಾಂಗಲ್ಯ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ಈ ಕ್ರಮದಲ್ಲಿ ನಡೆಯಿತು. ಪುರೋಹಿತನಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆದರೆ ಹೆಸರೇ ಹೇಳುವಂತೆ ಮಂತ್ರವನ್ನು ಅವರು ಬಿಡಲಿಲ್ಲ. ಇದು ಧರ್ಮವನ್ನು ತೊರೆದ ಮದುವೆಯಲ್ಲ, ಮಧ್ಯವರ್ತಿಯನ್ನು ತೊರೆದ ಮದುವೆ. 7ನೆಯ ಕಲಮಿನ ಮುಂದೆ ಇದರ ನೆಲೆಯೇನು? ಕಾಯಿದೆ ಒಪ್ಪುವ ರೂಢಿ ಬಹುಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದಿರಬೇಕು. ಸುಧಾರಕನ ವಿಧಿಯೋ ಹೊಸದಾಗಿರುವುದರಿಂದಲೇ ಸುಧಾರಣೆ. ಪ್ರಾಚೀನತೆಯನ್ನು ಕೇಳುವ ನ್ಯಾಯದ ಮುಂದೆ ಅದು ಯಾವಾಗಲೂ ಎಳೆಯದೇ. ಮದ್ರಾಸಿನಲ್ಲಿ ಸ್ವಾಭಿಮಾನ ವಿವಾಹಗಳಿಗೆ ಇದೇ ಕಷ್ಟ ಬಂದಾಗ ಅಲ್ಲಿಯ ಶಾಸನಸಭೆ 1967ರಲ್ಲಿ 7-ಅ ಕಲಮನ್ನು ಸೇರಿಸಿ, ಬಂಧುಮಿತ್ರರೆದುರಿನಲ್ಲಿ ಪರಸ್ಪರ ಸ್ವೀಕಾರದ ಮಾತು, ಹಾರ, ಉಂಗುರ, ತಾಳಿ ಇವುಗಳಲ್ಲೊಂದು ಸಾಕೆಂದಿತು. ಆ ಕಲಮಿನಡಿ ನಡೆದ ಮದುವೆಗೆ ಸಪ್ತಪದಿ ಬೇಕಿಲ್ಲವೆಂದು 2001ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು; ಅಲ್ಲಿ ತಪ್ಪಿತಸ್ಥನು ವಿಧಿಲೋಪದ ಮರೆಯಲ್ಲಿ ಅಡಗಲಾರದೆ ಹೋದನು. ಕರ್ನಾಟಕ ಅಂಥ ಕಲಮನ್ನು ಸೇರಿಸಲಿಲ್ಲ. ಕುವೆಂಪು ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ ನಾಡು ಅವರು ಬರೆದುಕೊಟ್ಟ ವಿವಾಹವಿಧಿಗೆ ಒಂದು ಸಾಲಿನ ಕಾನೂನನ್ನು ಕೊಡದೆ ಹೋದುದು ಸೋಜಿಗ. ಆ ಕ್ರಮದಲ್ಲಿ ಮದುವೆಯಾದವರು ಎಚ್ಚರದಿಂದಿರಬೇಕೆಂದರೆ 1954ರ ವಿಶೇಷ ವಿವಾಹ ಕಾಯಿದೆಯ ನೋಂದಣಿಯನ್ನೂ ಮಾಡಿಸಿಕೊಳ್ಳಬೇಕು. ಎಂದರೆ ಮೂವತ್ತು ದಿನಗಳ ಪ್ರಕಟಣೆಯನ್ನು ಕಚೇರಿಯ ಗೋಡೆಯ ಮೇಲೆ ಸಹಿಸಬೇಕು. ಜಾತಿಯ ಹೊರಗೆ ಮದುವೆಯಾಗುವವರಿಗೆ ಆ ಮೂವತ್ತು ದಿನಗಳ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಮುಂಬಯಿಯಲ್ಲಿರುವ ನಮ್ಮವರ ಮಕ್ಕಳೂ ಈಚೆಗೆ ಈ ಕ್ರಮದತ್ತ ಒಲವು ತೋರುವುದುಂಟು. ಅಂಥವರು ಮಹಾರಾಷ್ಟ್ರದ 1998ರ ಕಾಯಿದೆಯಂತೆ ನೋಂದಾಯಿಸಲು ಹೋದಾಗ ಅವರ ಕೈಗೆ ಬರುವ ನಮೂನೆಯಲ್ಲಿ ವಧೂವರರಿಗೂ ಮೂವರು ಸಾಕ್ಷಿಗಳಿಗೂ ಅಲ್ಲದೆ ಪುರೋಹಿತನಿಗೂ ಒಂದು ಅಂಕಣವಿದೆ. ಹೆಸರು, ವಿಳಾಸ, ವಯಸ್ಸು, ಸಹಿ. ಸಂಸತ್ತು 7ನೆಯ ಕಲಮಿನಲ್ಲಿ ಹೆಸರಿಸದೆ ಬಿಟ್ಟವನು ಗುಮಾಸ್ತೆಯ ಕಾಗದದಲ್ಲಿ ಹೀಗೆ ಮರಳಿ ಬಂದಿದ್ದಾನೆ.