ಹಳೆಯ ಆಂಪ್ಲಿಫೈಯರಿಗೆ ಹೊಸ ಕೆಪಾಸಿಟರ್: ಎಷ್ಟು ಬೇಕೋ ಅಷ್ಟೇ

ಹಳೆಯ ವಾಲ್ವ್ ಆಂಪ್ಲಿಫೈಯರ್ ಕೈಗೆ ಸಿಕ್ಕ ಕೂಡಲೇ ಅದರ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕುವುದೇ ದುರಸ್ತಿ ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬೇರೂರಿದೆ. ಇದರಲ್ಲಿ ಅರ್ಧ ಸರಿ. ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೊಳಗಿನ ದ್ರಾವಣ ದಶಕಗಳಲ್ಲಿ ಒಣಗುತ್ತದೆ, ಆಕ್ಸೈಡ್ ಪದರ ದುರ್ಬಲವಾಗಿ ಕರೆಂಟು ಸೋರುತ್ತದೆ. ಮೊದಲು ಸ್ಪೀಕರಿನಲ್ಲಿ ಗುಂಯ್ ಎನ್ನುವ ಹಮ್. ಹಾಗೇ ಬಿಟ್ಟರೆ ಕೊನೆಗೊಂದು ದಿನ ಟ್ರಾನ್ಸ್‌ಫಾರ್ಮರೇ ಸುಡಬಹುದು. ಉಳಿದರ್ಧ ಅತಿಯುತ್ಸಾಹ.

ಅಮೆರಿಕದಲ್ಲಿ 1959ರಲ್ಲಿ ಬಂದ ಡೈನಾಕೊ ಎಸ್‌ಟಿ-70 ಆಂಪ್ಲಿಫೈಯರ್ ನೋಡಿ. ಅದರ ಪವರ್ ಸಪ್ಲೈ ಕೆಪಾಸಿಟರಿನ ಒಂದೇ ಡಬ್ಬಿಯಲ್ಲಿ 30, 20, 20, 20 ಮೈಕ್ರೋಫ್ಯಾರಡ್‌ನ ನಾಲ್ಕು ಭಾಗಗಳು. ತಾಳಿಕೆ 525 ವೋಲ್ಟ್. ಬಾಸ್ ಗಟ್ಟಿಯಾಗಲೆಂದು ಮೊದಲ ಭಾಗಕ್ಕೆ 100 ಮೈಕ್ರೋಫ್ಯಾರಡ್ ಹಾಕುವವರಿದ್ದಾರೆ. ಆದರೆ ಅದರಲ್ಲಿರುವ ಜಿಝಡ್34 ರೆಕ್ಟಿಫೈಯರ್ ವಾಲ್ವಿಗೆ ತಯಾರಕರು ಹಾಕಿದ ಮಿತಿಯೇ 60. ಮೀರಿದರೆ ವಾಲ್ವಿನ ಆಯುಸ್ಸು ಕುಗ್ಗುತ್ತದೆ. ಸುಲಭವಾಗಿ ಸಿಗುತ್ತದೆಂದು 450 ವೋಲ್ಟಿನದನ್ನು ಹಾಕುವುದು ಇನ್ನೂ ಕೆಟ್ಟ ಕೆಲಸ. ಸರ್ಕ್ಯೂಟಿನಲ್ಲಿ ಸಾಮಾನ್ಯವಾಗಿ ಇರುವುದೇ ಸುಮಾರು 435 ವೋಲ್ಟ್. ಮನೆಯ ಲೈನ್ ವೋಲ್ಟೇಜ್ ಕೊಂಚ ಏರಿದರೂ ಮುಗಿಯಿತು.

ವಿಚಿತ್ರವೆಂದರೆ, ಇಷ್ಟೆಲ್ಲ ಬದಲಿಸುವವರು ಬಯಾಸ್ ಸರ್ಕ್ಯೂಟಿನ ಚಿಕ್ಕ ಕೆಪಾಸಿಟರುಗಳನ್ನು ಮರೆಯುತ್ತಾರೆ. ಅವು ಕೆಟ್ಟರೆ ಇಎಲ್34 ವಾಲ್ವುಗಳ ಪ್ಲೇಟು ಕೆಂಪಗೆ ಕಾಯುತ್ತದೆ. ಬಯಾಸ್ ಸರ್ಕ್ಯೂಟಿನಲ್ಲಿರುವುದು ಋಣ ವೋಲ್ಟೇಜ್, ಹಾಗಾಗಿ ಕೆಪಾಸಿಟರಿನ ಪ್ಲಸ್ ತುದಿಯೇ ಚಾಸಿಗೆ ಹೋಗಬೇಕು. ಅಭ್ಯಾಸಬಲದಿಂದ ಉಲ್ಟಾ ಬೆಸೆದರೆ ಅದು ಉಬ್ಬಿ ಒಡೆಯಬಹುದು.

ಸುರಕ್ಷತೆಯ ಮಾತಿಗೆ ಬಂದರೆ, ಕೆಪಾಸಿಟರ್ ಖಾಲಿ ಮಾಡಲು ಸ್ಕ್ರೂಡ್ರೈವರ್ ತಾಗಿಸಿ ಟಪ್ ಎನ್ನಿಸುವುದು ಬರೀ ಪೌರುಷ ಪ್ರದರ್ಶನ. 90 ಮೈಕ್ರೋಫ್ಯಾರಡ್, 435 ವೋಲ್ಟ್ ಎಂದರೆ ಸುಮಾರು 8.5 ಜೌಲ್; ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು, ಅಷ್ಟು ಸಾಕು ಜೀವಕ್ಕೆ ಕುತ್ತಾಗಲು. ಪ್ಲಗ್ ಕಿತ್ತು, 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ವೈರುಗಳನ್ನು ಕಟ್ಟಿ, ಒಂದು ತುದಿಯನ್ನು ಚಾಸಿಗೆ ಸಿಕ್ಕಿಸಿ, ಇನ್ನೊಂದನ್ನು ಒಂದೇ ಕೈಯಲ್ಲಿ ಹಿಡಿದು ನಾಲ್ಕೂ ಭಾಗಗಳಿಗೆ ಒಂದೊಂದಾಗಿ ತಾಗಿಸಬೇಕು. ಪ್ರತಿಯೊಂದನ್ನೂ ಮೀಟರಿನಲ್ಲಿ ನೋಡಬೇಕು. ಕೆಲವು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏಕೆಂದರೆ ಖಾಲಿಯಾದ ಕೆಪಾಸಿಟರಿನಲ್ಲೂ ಸ್ವಲ್ಪ ವೋಲ್ಟೇಜ್ ತಾನಾಗಿ ಮರಳಿ ಏರುತ್ತದೆ.

ಬದಲಿಸಿದ ಮೇಲೆ ವೇರಿಯಾಕ್‌ನಿಂದ ಲೈನ್ ವೋಲ್ಟೇಜನ್ನು ನಿಧಾನ ಏರಿಸುವ ಶಾಸ್ತ್ರವೂ ಇದೆ. ಆದರೆ ರೆಕ್ಟಿಫೈಯರ್ ವಾಲ್ವು ಕಾಯುವ ತನಕ ಹೈವೋಲ್ಟೇಜೇ ಹುಟ್ಟದು. ಮೊದಲ ಸಲ ಸ್ವಿಚ್ ಹಾಕುವಾಗ ಲೈನಿನ ಜತೆ ಸರಣಿಯಲ್ಲಿ ಹಳೇ ಕಾಲದ ಫಿಲಮೆಂಟ್ ಬಲ್ಬ್ ಕಟ್ಟುವುದು ಅದಕ್ಕಿಂತ ಉಪಯುಕ್ತ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗಿ ಹೇಳುತ್ತದೆ.

ಪವರ್ ಸಪ್ಲೈ, ಬಯಾಸ್ ಎರಡರ ಕೆಪಾಸಿಟರುಗಳನ್ನೂ ಮೂಲ ಮೌಲ್ಯಕ್ಕೆ ಹತ್ತಿರದಲ್ಲೇ ಬದಲಿಸಿ. ಸಿಗ್ನಲ್ ದಾರಿಯ ಕೆಪಾಸಿಟರುಗಳನ್ನು ಸೋರಿಕೆ ಅಳೆಯದೆ ಮುಟ್ಟಬೇಡಿ. ಮೀಟರ್ ಹಿಡಿದು ರೂಢಿಯಿಲ್ಲದಿದ್ದರೆ ವಾಲ್ವ್ ಕೆಲಸ ಬಲ್ಲ ಮೆಕ್ಯಾನಿಕ್‌ಗೆ ಕೊಟ್ಟುಬಿಡಿ.