ಕಡಲ ಮೇಷ್ಟರು ಕಟ್ಟಿದ ಕಾರ್ಟೂನ್

‘ಸ್ಪಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್’ ಧಾರಾವಾಹಿಯನ್ನು ಸೃಷ್ಟಿಸಿದ ಸ್ಟೀಫನ್ ಹಿಲೆನ್‌ಬರ್ಗ್ ಮೊದಲು ಕಡಲ ಜೀವಶಾಸ್ತ್ರದ ಮೇಷ್ಟರಾಗಿದ್ದರು ಎಂಬುದನ್ನು ಒಂದು ಸ್ವಾರಸ್ಯದ ಸಂಗತಿಯಂತೆ ಹೇಳಿ ಮುಂದೆ ಹೋಗುವುದು ರೂಢಿ. ಆದರೆ ಆ ಮೇಷ್ಟರಿಕೆಯನ್ನು ಬದಿಗಿಟ್ಟರೆ ಧಾರಾವಾಹಿಯ ಮೊದಲ ವರ್ಷಗಳ ಕಸುವು ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ.

1961ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಹುಟ್ಟಿದ ಅವರು ಬೆಳೆದದ್ದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ. ತಂದೆ ವಿಮಾನ ಮತ್ತು ಬಾಹ್ಯಾಕಾಶ ಕಂಪನಿಗಳಲ್ಲಿ ನಕ್ಷೆ ತಯಾರಿಸುತ್ತಿದ್ದರು. ತಾಯಿ ದೃಷ್ಟಿದೋಷವಿದ್ದ ಮಕ್ಕಳ ಶಿಕ್ಷಕಿ. ಝಾಕ್ ಕುಸ್ತೋ ಅವರ ಸಾಗರಚಿತ್ರಗಳು ಹುಡುಗನಿಗೆ ಕಡಲಿನ ಹುಚ್ಚು ಹಿಡಿಸಿದವು. 1984ರಲ್ಲಿ ಹಂಬೋಲ್ಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಪಡೆದ ಪದವಿಯನ್ನು ಗಮನಿಸಬೇಕು. ನಿಸರ್ಗ ಸಂಪನ್ಮೂಲಗಳನ್ನು ಕಾಪಾಡಿಕೊಳ್ಳುವ ಯೋಜನೆಯ ಜೊತೆಗೆ ಅವುಗಳನ್ನು ಜನರಿಗೆ ಅರ್ಥವಾಗುವಂತೆ ತೋರಿಸಿಕೊಡುವ ವಿದ್ಯೆಯೂ ಅದರಲ್ಲಿ ಸೇರಿತ್ತು. ಒತ್ತು ಕಡಲಿನ ಮೇಲಿತ್ತು.

ಆಮೇಲೆ ಡೇನಾ ಪಾಯಿಂಟ್‌ನ ಆರೆಂಜ್ ಕೌಂಟಿ ಮರೈನ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಹೇಳುತ್ತಿದ್ದಾಗ ‘ದಿ ಇಂಟರ್‌ಟೈಡಲ್ ಝೋನ್’ ಎಂಬ ಕಾಮಿಕ್ಸ್ ಬರೆದರು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ಬಂಡೆಗುಂಡಿಗಳ ಜೀವಿಗಳು ಅದರ ವಸ್ತು. ಅವುಗಳನ್ನು ಪರಿಚಯಿಸುವ ನಿರೂಪಕ ಬಾಬ್ ಎಂಬ ಸ್ಪಂಜು. ಅದನ್ನು ಅಚ್ಚು ಹಾಕಿಸಲು ಪ್ರಕಾಶಕರು ಮುಂದೆ ಬರಲಿಲ್ಲ.

ಕೆಲಸ ಬಿಟ್ಟು ಅವರು ಸೇರಿದ್ದು ಕ್ಯಾಲ್‌ಆರ್ಟ್ಸ್‌ನ ಪ್ರಯೋಗಶೀಲ ಅನಿಮೇಷನ್ ವಿಭಾಗಕ್ಕೆ. ಜೂಲ್ಸ್ ಎಂಗೆಲ್ ಅಲ್ಲಿ ಗುರುವಾದರು. 1992ರಲ್ಲಿ ಎಂಎಫ್‌ಎ ಮುಗಿಸುವಾಗ ಮಾಡಿದ ‘ವರ್ಮ್‌ಹೋಲ್ಸ್’ ಕಿರುಚಿತ್ರಕ್ಕೆ ಸಾಪೇಕ್ಷತಾ ಸಿದ್ಧಾಂತವೇ ಪ್ರೇರಣೆ. ವಿಜ್ಞಾನವನ್ನು ಚಿತ್ರದಲ್ಲಿ ಹೇಳುವ ಹಂಬಲ ಅಲ್ಲಿಯೂ ಅವರನ್ನು ಬಿಟ್ಟಿರಲಿಲ್ಲ. ಟಿವಿಯ ಕಸುಬು ಕಲಿತದ್ದು ಜೋ ಮರ್ರಿ ಅವರ ‘ರಾಕೋಸ್ ಮಾಡರ್ನ್ ಲೈಫ್’ ತಂಡದಲ್ಲಿ. ಆ ತಂಡದ ಬರಹಗಾರ ಮಾರ್ಟಿನ್ ಓಲ್ಸನ್ ಹಳೆಯ ಕಾಮಿಕ್ಸ್ ನೋಡಿ, ಇದನ್ನೇ ಧಾರಾವಾಹಿ ಮಾಡಿ ಎಂದು ಹುರಿದುಂಬಿಸಿದರು.

ಕಡಲಿನ ಓದಿನ ಫಲ 1999ರ ಮೇ 1ರಂದು, ಮೊದಲ ಪ್ರಸಾರದ ದಿನವೇ ‘ಟೀ ಅಟ್ ದ ಟ್ರೀಡೋಮ್’ ಕಂತಿನಲ್ಲಿ ಕಾಣುತ್ತದೆ. ಅಳಿಲು ಸ್ಯಾಂಡಿ ತನ್ನ ಗುಮ್ಮಟದ ಮನೆಗೆ ಸ್ಪಂಜ್‌ಬಾಬ್‌ನನ್ನು ಕರೆಯುತ್ತಾಳೆ. ಒಳಗೆ ಬರೀ ಗಾಳಿ. ಹೊಸ ಗೆಳತಿಯ ಮುಂದೆ ಮಾನ ಹೋದೀತೆಂದು ಅವನು ನೀರು ಕೇಳುವುದಿಲ್ಲ. ಮೈ ಒಣಗುತ್ತದೆ, ದನಿ ಕಟ್ಟುತ್ತದೆ. ಗೆಳೆಯ ಪ್ಯಾಟ್ರಿಕ್ ಒಳಗೆ ಬಂದರೆ ಅವನ ಗತಿಯೂ ಅದೇ. ಕೊನೆಗೆ ಕಾರ್ಟೂನ್ ಚಿತ್ರದ ಬದಲು ತೆರೆಯ ಮೇಲೆ ನಿಜವಾದ ಒಣ ಸ್ಪಂಜು, ಒಣ ನಕ್ಷತ್ರಮೀನು ಬಿದ್ದಿರುತ್ತವೆ. ಇಳಿತದಲ್ಲಿ ಬಂಡೆಗೆ ಸಿಕ್ಕಿಕೊಂಡ ಜೀವಿಯ ಪಾಡನ್ನು ಹಿಲೆನ್‌ಬರ್ಗ್ ಒಬ್ಬ ಸಂಕೋಚದ ಅತಿಥಿಯ ಪೇಚಾಟವನ್ನಾಗಿ ಮಾಡಿದ್ದಾರೆ. ಪಾಠದ ಮಾತು ಒಂದೂ ಇಲ್ಲ, ಆದರೂ ಮಗುವಿಗೆ ವಿಷಯ ತಲುಪುತ್ತದೆ.

ಪಾತ್ರದ ಸ್ವಭಾವ ಹೀಗೆ ಅದರ ದೇಹದಿಂದಲೇ ಹುಟ್ಟುವುದು ಈ ಧಾರಾವಾಹಿಯ ದೊಡ್ಡ ಗುಣ. ಲೋಕ ಗೆಲ್ಲುವ ಹಟದ ಪ್ಲಾಂಕ್ಟನ್ ಕೋಪಿಪಾಡ್ ಎಂಬ ಚಿಕ್ಕ ಜಲಜೀವಿ. ಗಾಬರಿಯಾದರೆ ಉಬ್ಬಿಕೊಳ್ಳುವ ಪಫರ್ ಮೀನು, ಡ್ರೈವಿಂಗ್ ಕಲಿಸುವ ಮಿಸೆಸ್ ಪಫ್. ನಾಯಕ ಶಾಲೆಗೆ ಹೋಗುವ ಹುಡುಗನಾಗಿರಲಿ ಎಂದು ನಿಕಲೋಡಿಯನ್ ವಾಹಿನಿ ಪಟ್ಟು ಹಿಡಿದಾಗ ರಾಜಿಯಾಗಿ ಬಂದದ್ದು ಈ ಡ್ರೈವಿಂಗ್ ಶಾಲೆ. ಒತ್ತಾಯಕ್ಕೆ ಸೇರಿಸಿದ ಪಾತ್ರಕ್ಕೂ ಹಿಲೆನ್‌ಬರ್ಗ್ ತಕ್ಕ ಜೀವಿಯನ್ನೇ ಹುಡುಕಿದರು.

ಕಳೆದುಕೊಂಡದ್ದೂ ಉಂಟು. ಕಾಮಿಕ್ಸ್‌ನ ಬಾಬ್ ಕಡಲಿನ ಸ್ಪಂಜು. ಟಿವಿಗೆ ಬರುವಾಗ ಅವನು ಪಾತ್ರೆ ತೊಳೆಯುವ ಚೌಕ ಸ್ಪಂಜಾದ. ಆ ಆಕಾರ ಥಟ್ಟನೆ ಗುರುತು ಸಿಗುತ್ತದೆ, ಅವನ ಮುಗ್ಧತೆಗೂ ಒಪ್ಪುತ್ತದೆ. ಆದರೆ ಸ್ಪಂಜು ಒಂದು ಪ್ರಾಣಿ ಎಂಬ ಮೂಲ ಪಾಠವೇ ಇದರಿಂದ ಮಸುಕಾಯಿತು. ಕಿತ್ತುಹೋದ ಕೈ ಮತ್ತೆ ಬೆಳೆಯುವ ದೃಶ್ಯಗಳಲ್ಲಷ್ಟೇ ನಿಜವಾದ ಸ್ಪಂಜಿನ ಗುಣ ಉಳಿದಿದೆ.

2004ರ ಚಲನಚಿತ್ರದ ನಂತರ ಹಿಲೆನ್‌ಬರ್ಗ್ ದಿನನಿತ್ಯದ ಮೇಲ್ವಿಚಾರಣೆಯಿಂದ ಹಿಂದೆ ಸರಿದರು. ಆಮೇಲಿನ ಹಲವು ಕಂತುಗಳಲ್ಲಿ ನೋವು ಕೊಡುವುದೇ ತಮಾಷೆಯಾಯಿತು. ಆ ಪೆಟ್ಟು ತಿನ್ನುವವನು ಆಕ್ಟೋಪಸ್ಸೋ ಏಡಿಯೋ ಎಂಬುದು ಮುಖ್ಯವಾಗಲಿಲ್ಲ. ಮೊದಲ ಮೂರು ಸೀಸನ್‌ಗಳು ಇಂದಿಗೂ ಮೇಲ್ಮಟ್ಟದಲ್ಲಿ ನಿಲ್ಲುವುದು ಇದೇ ಕಾರಣಕ್ಕೆ: ಅಲ್ಲಿ ಪ್ರತಿ ಜೀವಿಯನ್ನೂ ಬಲ್ಲ ಮೇಷ್ಟರೊಬ್ಬರು ಕಥೆಯ ಪಕ್ಕದಲ್ಲೇ ಇದ್ದರು.